ಎರಡು ಪಟ್ಟು ಬಂದ ಪ್ಲಾಸ್ಮಾ

ನಾನು ಸಂಡೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ದಿನಗೂಲಿ. ಮದುವೆ ಮನೆಗಳಲ್ಲಿ ಸೈಂಟಿಸ್ಟ್ ಎಂದು ಹೇಳಿಕೊಳ್ಳುತ್ತೇನೆ. ಕೆಲಸ ಮಾತ್ರ ಪಂಪಿಗೆ ಎಣ್ಣೆ ಹಾಕುವುದು. ಹಾಗೆ ಹೇಳಿಕೊಳ್ಳಬಹುದಾದವರು ಕಮಲಾಪುರದ ನಾಗಭೂಷಣ ಸರ್, ಅತಿಥಿ ಉಪನ್ಯಾಸಕರು. ಅವರು ಹೇಳಿಕೊಳ್ಳುವುದಿಲ್ಲ. ಅವರ ಪಿಎಚ್‌ಡಿಗೆ ಕೊಟ್ಟ ಕಾಲ ಮುಗಿಯುತ್ತ ಬಂದಿತ್ತು. ಆ ವರ್ಷ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು.

ಗಾಳಿ ತೆಗೆದ ಗಾಜಿನ ಕೊಳವೆಗೆ ಚೂರು ಅನಿಲ ಬಿಟ್ಟು ಕರೆಂಟ್ ಹಾಯಿಸಿದರೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ, ಅದು ಪ್ಲಾಸ್ಮಾ. ಅದರೊಳಗೆ ಪ್ರೋಬ್ ಎಂಬ ಸಣ್ಣ ತಂತಿ ತೂರಿಸಿ, ತುದಿ ಹಿಡಿದ ಕರೆಂಟನ್ನು ತುದಿಯ ಅಳತೆಯಿಂದ ಭಾಗಿಸಿದರೆ ಪ್ಲಾಸ್ಮಾ ಎಷ್ಟು ದಟ್ಟವೆಂದು ಲೆಕ್ಕ ಸಿಗುತ್ತದೆ. ಉಳಿದ ತಂತಿ ಕರೆಂಟ್ ಹಿಡಿಯದಂತೆ ಬಿಳಿ ಪಿಂಗಾಣಿ ನಳಿಗೆ ಹೊದಿಸಿರುತ್ತಾರೆ.

ಸರ್ ಮೊದಲು 'ಶ್ರೀ' ಎಂದು ಬರೆಯದೆ ಹೊಸದೇನನ್ನೂ ಬಳಸುವವರಲ್ಲ. ಲ್ಯಾಬಿನ ಬಕೆಟ್ಟಿಗೂ ಬರೆದಿದ್ದರು.

ಹೀಲಿಯಂ ಬೆರೆಸಿದರೆ ಪ್ಲಾಸ್ಮಾ ದಟ್ಟವಾಗುತ್ತದೆಂದು ತೋರಿಸುವುದೇ ಅವರ ಪ್ರಬಂಧ. ಆರ್ಗಾನ್ ಅನಿಲಕ್ಕೆ ಹೀಲಿಯಂ ಬೆರೆಸಿ ಹೊಸ ಪ್ರೋಬಿನಲ್ಲಿ ಅಳೆದಾಗ, ಕಾಲೇಜಿನ ಹಳೆ ಪ್ರೋಬಿನಲ್ಲಿ ಬರೀ ಆರ್ಗಾನ್‌ಗೆ ಬಂದಿದ್ದರ ಎರಡು ಪಟ್ಟು ದಟ್ಟಣೆ ಬಂತು. "ಮಸ್ತ್ ಆತು ಬಿಡ್ರಿ, ಜಲ್ದಿ ಬರದು ಮುಗಸ್ರಿ" ಎಂದರು ಗೈಡ್ ಕೊಟ್ರಯ್ಯನವರು. ನಾನು ಪೇಡಾ ತಂದೆ. ಸರ್ ಪೇಡಾ ಹಿಡಿದುಕೊಂಡೇ ನಿಂತರು.

"ಭಾಳ ಚಲೋ ಬಂದೈತಲೇ ಪಂಪೇಶ. ನನ್ನ ಕೆಲಸ ಇಷ್ಟು ಚಲೋ ಬರಂಗಿಲ್ಲ."

ಸಂಡೂರಿನಲ್ಲಿ ಯಾವ ತಪ್ಪಿಗೂ ಮೊದಲ ಆರೋಪಿ ಅದಿರಿನ ಕೆಂಪು ಧೂಳು. ತುದಿ ಉಜ್ಜಿದೆವು. ಅರ್ಥಿಂಗ್ ನೋಡಿದೆವು, ಮೀಟರ್ ಬದಲಿಸಿದೆವು. ಸುಮ್ಮನಿರೋಣ ಎಂಬ ನನ್ನ ಸಲಹೆ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಹೀಲಿಯಂ ಬಿಡದೆ, ಬರೀ ಆರ್ಗಾನ್‌ನಲ್ಲೇ ಅಳೆದರು. ಆಗಲೂ ಎರಡು ಪಟ್ಟು. ಅಂದರೆ ಹೆಚ್ಚಾದದ್ದು ಪ್ಲಾಸ್ಮಾ ಅಲ್ಲ, ಪ್ರೋಬು.

ಹೊರತೆಗೆದು ನೋಡಿದರೆ ನಳಿಗೆಯ ಮೇಲೆ, ತಂತಿಗೆ ತಾಗಿಕೊಂಡೇ, ಪೆನ್ಸಿಲ್ಲಿನಲ್ಲಿ ಬರೆದ ಶ್ರೀ. ಅಷ್ಟು ದಿನವೂ ಕಣ್ಣೆದುರೇ ಇತ್ತು. ಶ್ರೀಯನ್ನು ಯಾರು ಅನುಮಾನಿಸುತ್ತಾರೆ. ಪೆನ್ಸಿಲ್ಲಿನ ಕಪ್ಪಿನಲ್ಲಿ ಕರೆಂಟ್ ಹರಿಯುತ್ತದೆ. ತಂತಿಯ ಜೊತೆ ಅಕ್ಷರವೂ ಕರೆಂಟ್ ಹಿಡಿದಿತ್ತು.

"ತಗಾ, ಅಳಸು" ಎಂದರು.

"ಬರದೋರು ನೀವು ಸರ್, ನೀವ ಅಳಸ್ರಿ."

"ದೇವ್ರಿಲ್ಲ ಅಂತಿದ್ದೆಲ್ಲಲೇ."

"ಅದು ಕ್ಯಾಂಟೀನ್ಯಾಗ ರೀ."

ಸರ್ ಚಪ್ಪಲಿ ಬಿಟ್ಟು ತಾವೇ ಅಳಿಸಿದರು. ಮತ್ತೆ ಅಳೆದರೆ ಹೀಲಿಯಂ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಪಿಎಚ್‌ಡಿ ಸಮಿತಿಯ ಮುಂದೆ ಇದನ್ನೆಲ್ಲ ಸರ್ ತಾವೇ ಹೇಳಿದರು. ನಾನು ಪ್ರೊಜೆಕ್ಟರಿನ ವೈರ್ ಹಿಡಿದು ನಿಂತಿದ್ದೆ.

"ಹಂಗಾದ್ರ ಏನೂ ಸಿಗಲಿಲ್ಲ ಅನ್ರಿ" ಎಂದರು ಕೊಟ್ರಯ್ಯನವರು.

"ಇಲ್ರಿ."

"ನೀವು ಹೇಳದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲ."

"ಹೌದ್ರಿ."

ಸರ್ ಅವರನ್ನು ಹೊರಗೆ ಕೂರಿಸಿ ಸಮಿತಿ ಬಹಳ ಹೊತ್ತು ಮಾತಾಡಿತು. ಕೊನೆಗೆ ಇನ್ನೊಂದು ವರ್ಷ ಕೊಟ್ಟಿತು, ಒಂದು ಷರತ್ತಿನ ಮೇಲೆ: ಪ್ರಬಂಧದ ವಿಷಯ ಇನ್ನು ಪ್ಲಾಸ್ಮಾ ಅಲ್ಲ, ಪ್ರೋಬ್ ಅಳತೆಯಲ್ಲಿ ಆಗುವ ತಪ್ಪುಗಳು.

ಬಸ್‌ಸ್ಟ್ಯಾಂಡಿನಲ್ಲಿ ಸರ್ ಕೇಳಿದರು, "ಇನ್ನೂ ಯಾವ್ಯಾವ ತಪ್ಪು ಮಾಡಬಹುದು ಯೋಚನಿ ಮಾಡಲೇ. ಇದರಾಗ ನೀ ಹುಷಾರ್ ಅದಿ."

ಹೊಸಪೇಟೆ ಬಸ್ಸು ಬರುವಷ್ಟರಲ್ಲಿ ನಾಲ್ಕು ಹೇಳಿದೆ. ಮೂರನ್ನು ಬರೆದುಕೊಂಡರು. ನಾಲ್ಕನೆಯದನ್ನು ತಾವು ಆಗಲೇ ಮಾಡಿಯಾಗಿದೆ ಎಂದರು.