ಕೈ ಸೇದುವ ಶಾಪ

ತೊಗರಿ ಬೇಳೆ ಹಸನು ಮಾಡುವಾಗ ಮೊರದಲ್ಲಿ ಏನೇನು ಸಿಗುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ನಮ್ಮ ಇಜೇರಿಯಲ್ಲಿ ಇನ್ನೊಬ್ಬರಿಲ್ಲ. ಕಲ್ಲು ಸಿಗುತ್ತದೆ, ಮಣ್ಣಿನ ಹೆಂಟೆ ಸಿಗುತ್ತದೆ, ಒಮ್ಮೆ ಯಾರದೋ ಮೂಗುತಿಯ ಹರಳು ಕೂಡ ಸಿಕ್ಕಿತ್ತು. ಆದರೆ ಹೋದ ಬೇಸಿಗೆಯ ಒಂದು ಮುಂಜಾನೆ ನನ್ನ ಬೆರಳಿಗೆ ತಾಕಿದ್ದು ಇವು ಯಾವುವೂ ಅಲ್ಲ. ನೇರಳೆ ಹಣ್ಣಿನ ಬಣ್ಣ, ನೇರಳೆ ಹಣ್ಣಿನಷ್ಟೇ ಗಾತ್ರ, ಮೈತುಂಬ ಮೂರು ಮೂಲೆಯ ಮುಖಗಳು, ಮುಖಕ್ಕೊಂದು ಅಂಕಿ. ಕನ್ನಡಕ ಏರಿಸಿ ಎಣಿಸಿದೆ, ಇಪ್ಪತ್ತು ಮುಖ. ದೇವರಿಗೇ ಇಷ್ಟು ಮುಖಗಳಿಲ್ಲ, ಬೇಳೆಯಲ್ಲಿ ಬಿದ್ದ ಈ ಕಲ್ಲಿಗೆ ಯಾಕೆ ಎಂದುಕೊಂಡು ಅಂಗಳಕ್ಕೆ ಎಸೆಯಲು ಕೈ ಎತ್ತಿದೆ. ಅಷ್ಟರಲ್ಲಿ ಮೊಮ್ಮಗಳು ಭಾಗ್ಯಾ ಒಳಗಿನಿಂದ ಓಡಿಬಂದಳು.

"ಆಯಿ, ಚೆಲ್ಲಬ್ಯಾಡ! ಅದು ನಮ್ಮ ಆಟದ ದಾಳ!"

"ಬ್ಯಾಳಿ ಸಂಗಟ ಕುದ್ದು ಬಾಯಾಗ ಬಂದಿದ್ರ ನನ್ನ ಹಲ್ಲು ಹೋಗ್ತಿದ್ವಲ್ಲಬೇ!"

"ಹಲ್ಲು ಇದ್ರಲ್ಲ ಆಯಿ, ಹೋಗೂದು?"

ನಮ್ಮ ಮನೆಯ ಹುಡುಗಿಯರಿಗೆ ಬಾಯಿ ಎಲ್ಲಿಂದ ಬಂತು ಎಂದು ನೀವು ಕೇಳಬೇಕಾಗಿಲ್ಲ, ಮುಂದೆ ಓದಿದರೆ ತಾನೇ ಗೊತ್ತಾಗುತ್ತದೆ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಇಲ್ಲಿಯ ಕಾಗುಣಿತವನ್ನು ಭಾಗ್ಯಾ ತಿದ್ದಿದ್ದಾಳೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.

ಭಾಗ್ಯಾ ಕಲಬುರಗಿಯಲ್ಲಿ ಕಾಲೇಜು ಓದುತ್ತಾಳೆ. ಅವಳೂ ಅವಳ ಇಬ್ಬರು ಗೆಳತಿಯರೂ ಸೇರಿ ಒಂದು ಆಟ ಕಟ್ಟುತ್ತಿದ್ದರು. ನಾವು ಆಡುತ್ತಿದ್ದ ಚೌಕಾಬಾರದಲ್ಲಿ ಕವಡೆ ಉರುಳಿದರೆ ಕಾಯಿ ನಡೆಯುತ್ತಿತ್ತು, ಅಲ್ಲಿಗೆ ಮುಗಿಯಿತು. ಇವರ ಆಟದಲ್ಲಿ ಆಡುವವರೇ ಕಾಯಿಯಾಗಬೇಕು. ಒಬ್ಬಳು ಕಥೆ ಹೇಳುತ್ತಾ ಹೋಗುತ್ತಾಳೆ, ಉಳಿದವರು ಚಾಪೆಯ ಮೇಲೆ ಕೂತು ಒಬ್ಬಳು ಕತ್ತಿ ಹಿಡಿದವಳಾಗಿ, ಇನ್ನೊಬ್ಬಳು ಮಂತ್ರಗಾತಿಯಾಗಿ ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಆ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ನಡೆಯುವುದು ನಮ್ಮ ಭೀಮೆಯ ದಂಡೆಯಲ್ಲೇ, ಆದರೆ ಎಂದೂ ಇರದಿದ್ದ ಒಂದು ರಾಜ್ಯದಲ್ಲಿ. ಬೆಂಕಿ ಉಗುಳುವ ಮಂತ್ರ, ಮಾಯವಾಗುವ ಮಂತ್ರ ಎಲ್ಲವನ್ನೂ ಹುಡುಗಿಯರು ಚೀಟಿಗಳ ಮೇಲೆ ಚಿತ್ರ ಸಹಿತ ಬರೆದು ಮುಗಿಸಿದ್ದರು. ಒಂದು ಚೀಟಿ ಮಾತ್ರ ಖಾಲಿ ಉಳಿದಿತ್ತು.

"ಆಯಿ, ಒಂದು ಶಾಪ ಬೇಕಾಗ್ಯಾದ," ಎಂದಳು.

"ಯಾರಿಗೆ?"

"ಆಟಕ್ಕ. ಸಾಯೂ ಶಾಪ ಬ್ಯಾಡ. ಸತ್ರ ಆಡಾಕ ಬಂದಾಕಿ ಎದ್ದು ಮನಿಗೆ ಹೋಗ್ತಾಳ. ಆಕಿ ಕೂತೇ ಇರಬೇಕು, ಆದ್ರ ಕೈಲೆ ಏನೂ ಆಗಬಾರದು. ಅಂಥಾದ್ದು."

ನಾನು ಮೊರ ಕೆಳಗಿಟ್ಟೆ. ಎಪ್ಪತ್ತು ದಾಟಿದ ಮೇಲೆ ಯಾರಾದರೂ ನಮ್ಮ ವಿದ್ಯೆಯನ್ನು ಕೇಳಿಕೊಂಡು ಬಂದರೆ ಬೇಳೆ ಕಾಯಬಹುದು, ಅಲ್ಲವೇ? ಕೆಲವರು ಹೋಳಿಗೆಗೆ ಹೆಸರಾಗುತ್ತಾರೆ, ಕೆಲವರು ಸೋಬಾನೆ ಪದಗಳಿಗೆ. ನಾನು ನಮ್ಮ ಓಣಿಯಲ್ಲಿ ಹೆಸರಾದದ್ದು ಶಾಪಕ್ಕೆ. "ಕೊರಳಾಗ ಲಿಂಗ ಕಟ್ಕೊಂಡು ಬಾಯಾಗ ಹಾವು ಸಾಕೀದಿ" ಎಂದು ನನ್ನ ಗಂಡ ಬದುಕಿದ್ದಷ್ಟು ದಿನ ಹೇಳಿದ. ಹಾಗೆ ಹೇಳುತ್ತಲೇ ಹೊಲದ ಬದುವಿನ ತಂಟೆ ಬಂದಾಗಲೆಲ್ಲ ನನ್ನನ್ನೇ ಮುಂದೆ ಬಿಟ್ಟು ತಾನು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ.

ಶಾಪಕ್ಕೂ ಅಡುಗೆಯಂತೆ ಒಂದು ಹದವಿದೆ. ಗಂಡಸರ ಬೈಗುಳಕ್ಕೆ ಆ ಹದ ಗೊತ್ತಿಲ್ಲ. ಅದು ಎದುರಿನವನ ವಂಶವನ್ನೆಲ್ಲ ಒಂದು ಸುತ್ತು ಹಾಕಿ, ಎಲ್ಲಿಯೂ ತಾಕದೆ, ಕೊನೆಗೆ ಬೈದವನ ಕಾಲ ಬುಡದಲ್ಲೇ ಬೀಳುತ್ತದೆ. ಹೆಂಗಸರ ಶಾಪ ಹಾಗಲ್ಲ, ವಿಳಾಸ ಬರೆದ ಕಾಗದದ ಹಾಗೆ ನೇರ ಅಂಗಕ್ಕೇ ಹೋಗುತ್ತದೆ. ಬದನೆಕಾಯಿ ಕದ್ದರೆ ಕದ್ದ ಕೈಗೆ, ಬಿತ್ತಿದ ಸಾಲು ತುಳಿದರೆ ತುಳಿದ ಕಾಲಿಗೆ, ಚಾಡಿ ಹೇಳಿದರೆ ನಾಲಗೆಗೆ. ತಪ್ಪು ಮಾಡದ ಅಂಗವನ್ನು ಮುಟ್ಟಬಾರದು. ಒಂದು ಹಿಡಿ ಮಣ್ಣು ತೂರಿ, ಹತ್ತೂ ಬೆರಳಿನ ನೆಟಿಕೆ ಮುರಿದು, ಹೆಸರು ಹಿಡಿದು ಹೇಳಬೇಕು. ಭಾಗ್ಯಾ ಬಾಯಿ ತೆರೆದುಕೊಂಡು ಕೇಳಿದಳು, ಬರೆದುಕೊಂಡಳು. ಚೀಟಿಯ ಮೇಲೆ ಹೀಗೆ ಬಂತು: ಎದುರಾಳಿ ಯಾವ ಅಂಗದಿಂದ ಕೆಡುಕು ಮಾಡಿದಳೋ ಆ ಅಂಗ ಸೇದಿಹೋಗಲಿ, ಮರಗಟ್ಟಲಿ, ಎದುರಾಳಿ ದಾಳ ಉರುಳಿಸಲಿ, ಹದಿನಾಲ್ಕಕ್ಕಿಂತ ಮೇಲೆ ಬಿದ್ದರೆ ಬಚಾವು, ಕೆಳಗೆ ಬಿದ್ದರೆ ಆ ಅಂಗ ಇನ್ನು ಅವಳದಲ್ಲ. ಮುದ್ದಾದ ಅಕ್ಷರ. ಓದಿಸಿ ಕೇಳಿದಾಗ ನನಗೇ ಸ್ವಲ್ಪ ಹೆಮ್ಮೆಯಾಯಿತು.

ಆಮೇಲೆ ಅವಳು ಕೇಳಿದಳು, "ಇದು ಇಳಿಯೂದು ಹೆಂಗ ಆಯಿ? ಹತ್ತಿದ ಶಾಪ ಇಳೀಬೇಕಲ್ಲ."

ನನ್ನ ಅತ್ತೆ ಇದ್ದಿದ್ದರೆ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುತ್ತಿದ್ದಳು. ಸಿಟ್ಟಿನಲ್ಲಿ ಮನೆಯವರಿಗೆ ಏನಾದರೂ ಕೆಟ್ಟದ್ದು ಅಂದರೆ ದೀಪ ಹಚ್ಚುವುದರೊಳಗೆ ಬಿಡ್ತು ಅನ್ನಬೇಕು, ಇಲ್ಲದಿದ್ದರೆ ಅಂದ ಮಾತು ಮಾಳಿಗೆಯ ಜಂತಿಯ ಮೇಲೆ ಕೂತು ಕಾಯುತ್ತದೆ ಎಂಬುದು ಅವಳ ಕಾನೂನು. ನಾನು ಮಕ್ಕಳಿಗೆ ಬೈದಾಗಲೆಲ್ಲ ಅವಳು ಒಲೆಯ ಮುಂದಿನಿಂದಲೇ "ಬಿಡ್ತು ಅನ್ನಬೇ" ಎಂದು ಕೂಗುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತಲೇ "ಬಿಡ್ತು" ಎನ್ನುತ್ತಿದ್ದೆ, ಮುಗಿಯುತ್ತಿತ್ತು. ಅವಳು ತೀರಿಕೊಂಡ ಮೇಲೆ ಹಾಗೆ ಕೂಗುವವರು ಯಾರೂ ಉಳಿಯಲಿಲ್ಲ. ಒಂದು ಶಾಪ ಹಾಗೇ ಉಳಿದುಹೋಯಿತು.

ಅದನ್ನು ನಿಮಗೆ ಹೇಳಿಬಿಡುತ್ತೇನೆ. ಗುರುಬಾಯಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಹಿಂದಿನ ಓಣಿಯಲ್ಲಿ ಮನೆ. ನಲವತ್ತು ವರ್ಷ ನಾವಿಬ್ಬರೂ ಜಗಳಾಡಿಕೊಂಡೇ ಬಾಳಿದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ. ಒಂಬತ್ತು ವರ್ಷದ ಹಿಂದೆ ಒಂದು ದಿನ ಅವಳ ಮನೆಯ ಮುಂದೆ ಹೋಗುವಾಗ ಕತ್ತೆತ್ತಿ ನೋಡಿದರೆ, ಅತ್ತೆಯ ಕಾಲದ ಬೀಸುವ ಕಲ್ಲು ಮಾಳಿಗೆಯ ತಗಡಿನ ಮೇಲೆ ಕೂತಿದೆ! ಗಾಳಿಗೆ ತಗಡು ಹಾರದಿರಲಿ ಎಂದು ಈ ಮಹಾತಾಯಿ ಅತ್ತೆಯ ಕಲ್ಲನ್ನು ಭಾರಕ್ಕೆ ಹೇರಿದ್ದಳು. ಆ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಲೇ ನಾನು ನಾಲ್ಕು ಬಾಣಂತನ ದಾಟಿದ್ದೆ. ಯಾವ ಕೈಲೆ ಅದನ್ನು ಮ್ಯಾಲೆ ಏರಿಸೀದಿ, ಆ ಕೈ ಸೇದಿ ಹೋಗಲಿ ಎಂದು ಮಣ್ಣು ತೂರಿ, ನೆಟಿಕೆ ಮುರಿದು ಬಂದೆ. ಬಿಡ್ತು ಅನ್ನಲಿಲ್ಲ. ತಿಂಗಳು ತುಂಬುವುದರೊಳಗೆ ಗುರುಬಾಯಿಗೆ ಲಕ್ವಾ ಹೊಡೆಯಿತು. ಕಾಲು ಸುಧಾರಿಸಿತು, ಮಾತು ಬಂತು. ಬಲಗೈ ಬರಲಿಲ್ಲ.

ಡಾಕ್ಟರು ರಕ್ತದೊತ್ತಡ ಎಂದರು. ನಾನು ಯಾರ ಮುಂದೆಯೂ ಏನೂ ಅನ್ನಲಿಲ್ಲ. ಘತ್ತರಗಿಗೆ ಹೋಗಿ ದೇವಿ ಭಾಗ್ಯವಂತಿಗೆ ಹಸಿರು ಸೀರೆ ಉಡಿಸಿ, ಆ ಕೈ ಬಿಡಿಸು ತಾಯಿ ಎಂದು ಬೇಡಿಕೊಂಡು ಬಂದೆ. ದೇವಿ ಸೀರೆ ಇಟ್ಟುಕೊಂಡಳು, ಕೈ ಹಾಗೇ ಉಳಿಯಿತು. ಅಂದಿನಿಂದ ಗುರುಬಾಯಿ ಎದುರಾದರೆ ನನ್ನ ನಾಲಗೆ ಬೆಣ್ಣೆಯಾಗಿಬಿಡುತ್ತಿತ್ತು. ಚೆನ್ನಾಗಿದ್ದೀಯಾ ತಂಗಿ, ಊಟವಾಯಿತಾ ತಂಗಿ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದೆ. ಅವಳು ಡಬ್ಬಿ ತೊಳೆದು ಖಾಲಿ ಕಳಿಸುತ್ತಿದ್ದಳು, ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಅವಳಿಗೆ ಗೊತ್ತಿದೆ, ನನ್ನನ್ನು ಕ್ಷಮಿಸಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಕೇಳುವ ಧೈರ್ಯ ಇರಲಿಲ್ಲ. ಊರಿಗೆಲ್ಲ ಹೆದರಿಕೆ ಹುಟ್ಟಿಸಿದ ಹೆಂಗಸು ಒಂದು ಪ್ರಶ್ನೆಗೆ ಒಂಬತ್ತು ವರ್ಷ ಹೆದರಿ ಕೂತಿದ್ದೆ ಎಂದರೆ ನೀವು ನಗಬಹುದು. ನಗಿ.

ಆ ರವಿವಾರ ಮಧ್ಯಾಹ್ನ ಆಟವನ್ನು ಆಡಿ ನೋಡಬೇಕೆಂದು ಭಾಗ್ಯಾ ಚಾಪೆ ಹಾಸಿದಳು. ಜೇವರ್ಗಿಯಿಂದ ಬರಬೇಕಾಗಿದ್ದ ಗೆಳತಿಯರಿಗೆ ಬಸ್ಸು ತಪ್ಪಿತು. ಮಂತ್ರಗಾತಿಯ ಪಾತ್ರಕ್ಕೆ ನಾನಿದ್ದೆ. ಕತ್ತಿ ಹಿಡಿದವಳು ಬೇಕಾಗಿದ್ದಳು. ತಡಿ ಆಯಿ ಎಂದು ಹೊರಟುಹೋದವಳು, ಹತ್ತು ನಿಮಿಷದಲ್ಲಿ ಗುರುಬಾಯಿಯ ಎಡಗೈ ಹಿಡಿದುಕೊಂಡು ಒಳಗೆ ಬಂದಳು. ಅವಳಿಗೆ ಗುರುಬಾಯಿ ಸಣ್ಣಾಯಿ. ಸಣ್ಣಾಯಿ ಬರುವುದಿಲ್ಲ ಎಂಬುದು ನಮಗೆ ಗೊತ್ತಿತ್ತೇ ಹೊರತು ಅವಳಿಗೆ ಗೊತ್ತಿರಲಿಲ್ಲ.

ಗುರುಬಾಯಿ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಎದುರಿಗೆ ಕೂತಳು. ಕಥೆ ಶುರುವಾಯಿತು. ಅವಳು ಭೀಮೆಯ ಕಡವು ಕಾಯುವವಳು, ನಾನು ಆಚೆ ದಂಡೆಗೆ ಹೋಗಲೇಬೇಕಾದ ಮಂತ್ರಗಾತಿ. ದೋಣಿ ಬಿಡು ಎಂದೆ, ಬಿಡುವುದಿಲ್ಲ ಎಂದಳು. ಅವಳ ದಾಳ ಚೆನ್ನಾಗಿ ಬಿತ್ತು. ಕತ್ತಿ ಎತ್ತಿ ನನ್ನ ಕುತ್ತಿಗೆಗೆ ಹಿಡಿದಳು.

"ಆಯಿ, ಈಗ ನಿನ್ನ ಶಾಪದ ಚೀಟಿ ಹಾಕು," ಎಂದಳು ಭಾಗ್ಯಾ.

ಚೀಟಿ ನನ್ನ ಕೈಯಲ್ಲಿತ್ತು. ಕತ್ತಿ ಹಿಡಿದ ಕೈ ಸೇದಲಿ ಎಂದು ನಾನು ಹೇಳಬೇಕಾಗಿತ್ತು. ಗುರುಬಾಯಿಗೆ.

"ನಾ ಹಾಕೂದಿಲ್ಲ. ಸೋತೆ ಅಂತ ಬರ್ಕೊ," ಎಂದೆ.

ಗುರುಬಾಯಿ ಚೀಟಿಯನ್ನು ಇಸಿದುಕೊಂಡು ಭಾಗ್ಯಾಳಿಗೆ ಕೊಟ್ಟು ಓದಿಸಿದಳು. ಕೇಳಿ ಮುಗಿಸಿ ನನ್ನ ಮುಖ ನೋಡಿದಳು. "ಯಾಕ ಅಕ್ಕಾ, ನಾಲಗಿಗೆ ಲಕ್ವಾ ಹೊಡದದೇನು?"

ಇನ್ನು ತಡೆಯಲಾಗಲಿಲ್ಲ. "ಬಿಡ್ತು ಬೇ ಗುರುಬಾಯಿ. ಅವತ್ತು ಅಂದದ್ದು ಬಿಡ್ತು. ಆವಾಗ ಅನ್ನಲಿಲ್ಲ, ಈಗ ಅಂತೇನಿ. ನಿನ್ನ ಕೈ ನನ್ನ ಬಾಯಿಲೆ ಹೋತು."

ಅವಳು ಅಳಬಹುದು, ಇಲ್ಲವೇ ಎದ್ದು ಹೋಗಬಹುದು ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಏನಂದಿ? ನನ್ನ ಲಕ್ವಾ ನಿಂದಂತ? ಮೂರು ತಿಂಗಳು ಬಿಪಿ ಗುಳಗಿ ನುಂಗಲಾರದ, ಉಪ್ಪಿನಕಾಯಿ ತಿಂದು ತಿಂದು ನಾ ತರ್ಸಿಕೊಂಡದ್ದಬೇ ಅದು! ಅದಕ್ಕೂ ನೀನೇ ಹೆಸರು ತಗೋತೀ? ನಿನ್ನ ಬಾಯಿಗೆ ಅಷ್ಟು ತಾಕತ್ತಿದ್ರ ಇಜೇರಿ ತುಂಬ ಕುಂಟರೇ ಅಡ್ಡಾಡ್ತಿದ್ರು! ಬದುವಿನ ತಂಟಿ ತೆಗೀತಿದ್ದ ಬಸಣ್ಣನ ಕಾಲಿಗೆ ಇಪ್ಪತ್ತು ವರ್ಷ ಶಾಪ ಹಾಕೀದಿ, ಅವ ಇನ್ನಾ ಸೈಕಲ್ ಹೊಡೀತಾನ!"

ಬಸಣ್ಣನ ವಿಷಯ ನನಗೆ ಹೊಳೆದಿರಲಿಲ್ಲ. ನಿಜ, ಅವನು ಹೊಡೆಯುತ್ತಾನೆ.

"ಮತ್ತ ನೀ ಯಾಕ ಬರ್ಲಿಲ್ಲ ಇಷ್ಟು ವರ್ಷ?" ಎಂದೆ.

ಅವಳ ದನಿ ಆಗ ಸಣ್ಣದಾಯಿತು. "ಕೈ ಹೋದ ದಿನದಿಂದ ನೀ ನನಗ ಒಂದರ ಬೈಗುಳ ಬೈದಿ ಏನು? ಬೀಗತಿಗೆ ಮಾತಾಡ್ಸಿದಂಗ ತಂಗಿ, ತಂಗಿ. ಮಕ್ಕಳು ಹಂಗೇ ಮಾತಾಡ್ಸಿದ್ರು, ಊರು ಹಂಗೇ ಮಾತಾಡ್ಸ್ತು. ನೀನೊಬ್ಬಾಕಿ ಬೈತಿ ಅಂತ ಹಾದಿ ನೋಡಿದೆ. ಜಗಳಾಡಾಕ ಸುದ್ದಾ ಕೆಲಸಕ್ಕ ಬರಲಾರದಾಕಿ ಆಗೀನಿ ಅಂತ ತಿಳ್ಕೊಂಡೆ. ಅದಕ ಬರ್ಲಿಲ್ಲ."

ಶಾಪ ಕೇಳುವಾಗ ಭಾಗ್ಯಾ ಹೇಳಿದ್ದು ಸರಿಯೇ ಇತ್ತು ಎಂದು ನನಗೆ ಅನ್ನಿಸಿತು: ಎದುರಿನವಳು ಕೂತೇ ಇರಬೇಕು, ಆದರೆ ಕೈಲೆ ಏನೂ ಆಗಬಾರದು, ಅಂಥ ಶಾಪ ಒಂದಿದೆ, ಮತ್ತು ಅದನ್ನು ನಾನು ಮಣ್ಣು ತೂರದೆ, ನೆಟಿಕೆ ಮುರಿಯದೆ, ಹೋಳಿಗೆ ಕಳಿಸಿ ಕಳಿಸಿಯೇ ಹಾಕಿದ್ದೆ. ಬೈಯುವುದೆಂದರೆ ಎದುರಿನವಳು ತಿರುಗಿ ಬೈಯಬಲ್ಲಳು ಎಂಬ ನಂಬಿಕೆ. ಆ ನಂಬಿಕೆಯನ್ನು ತೆಗೆದುಕೊಂಡುಬಿಟ್ಟರೆ ಒಂದು ಕೈಯಷ್ಟೇ ಅಲ್ಲ, ಇಡೀ ಹೆಂಗಸೇ ಸೇದಿಹೋಗುತ್ತಾಳೆ. ಭಾಗ್ಯಾಳ ಚೀಟಿಗೆ ನಾನೊಂದು ಸಾಲು ಸೇರಿಸಲು ಹೇಳಿದೆ: ಶಾಪ ಹತ್ತಿದಷ್ಟು ಹೊತ್ತು ಹಾಕಿದವಳ ನಾಲಗೆಯೂ ಕಟ್ಟಿರಲಿ. ಬರೆದುಕೊಂಡಳು. ಆಟಕ್ಕೆ ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು.

"ಶಾಪ ಹಾಕ್ತಿ ಏನು, ಇಲ್ಲಾ ನಾ ಮನಿಗೆ ಹೋಗ್ಲಿ?" ಎಂದಳು ಗುರುಬಾಯಿ.

ಹಾಕಿದೆ. ಹತ್ತೂ ಬೆರಳ ನೆಟಿಕೆ ಮುರಿದು, ಹೆಸರು ಹಿಡಿದು, ಜಂತಿ ನಡುಗುವಂತೆ ಹಾಕಿದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಾಗಿತ್ತು. ಎಡಗೈಯಿಂದ ದಾಳ ಉರುಳಿಸಿದಳು. ನನ್ನ ಕಣ್ಣೆದುರು ಒಂಬತ್ತು ಬಿತ್ತು. ಕೈ ಹೋಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಸೆರಗು ಸರಿಪಡಿಸುವ ನೆಪದಲ್ಲಿ ಅದರ ತುದಿ ದಾಳಕ್ಕೆ ತಾಕಿಸಿ ಹೊರಳಿಸಿದಳು. ಹತ್ತೊಂಬತ್ತು.

"ಬಚಾವಾದೆ!" ಎಂದಳು.

"ಕಳ್ಳಿ! ಒಂಬತ್ತು ಬಿದ್ದಿತ್ತು, ನಾ ನೋಡೀನಿ!"

"ನಿನಗ ಬ್ಯಾಳ್ಯಾಗಿನ ಕಲ್ಲು ಕಾಣೂದಿಲ್ಲ, ಅಂಕಿ ಕಂಡಿತೇನು? ಭಾಗ್ಯಾ, ನೀ ಹೇಳಬೇ!"

ಭಾಗ್ಯಾ ಚೀಟಿಗಳನ್ನು ಬಾಚಿಕೊಂಡು ಗೋಡೆಗೆ ಒರಗಿ ಕೂತಳು. ಅವಳ ಆಟ ಅಲ್ಲಿಗೆ ಮುಗಿದಿತ್ತು, ನಮ್ಮದು ಶುರುವಾಗಿತ್ತು. ದಾಳದಿಂದ ಬೀಸುವ ಕಲ್ಲಿಗೆ, ಅಲ್ಲಿಂದ ಅವಳ ಮದುವೆಯಲ್ಲಿ ನಾನು ಉಟ್ಟ ಸೀರೆಗೆ, ಅಲ್ಲಿಂದ ನನ್ನ ತವರು ಸರಸಂಬಾದವರ ಜಿಪುಣತನಕ್ಕೆ ಮಾತು ಹೋಯಿತು. ಚಹಾ ಕುಡಿದು, ಕುಡಿಯುವಾಗಲೂ ಜಗಳಾಡಿ, ಗುರುಬಾಯಿ ಎದ್ದು ಹೊರಟಳು. ಅಂಗಳ ದಾಟಿದವಳು ತಿರುಗಿ ನಿಂತು, ನನ್ನ ಚಹಾ ಎಮ್ಮೆ ಕೂಡ ಕುಡಿಯಲಾರದ್ದು ಎಂದು ಓಣಿಗೆಲ್ಲ ಕೇಳುವಂತೆ ಸಾರಿದಳು. ನಾನು ಹೊಸ್ತಿಲಿಗೆ ಬಂದು ನಿಂತೆ.

ಎದುರು ಮನೆಯವಳು ಚಹಾದ ಕಪ್ಪು ಬಸಿ ಕೈಯಲ್ಲಿ ಹಿಡಿದೇ ಓಡಿ ಹೊರಗೆ ಬಂದಳು. ನಮ್ಮಿಬ್ಬರನ್ನೂ ನೋಡಿದಳು, ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ಮುಖ ತುಂಬ ನಗುತ್ತಾ, "ಏನ್ರಿ ಆಯಿ, ಇಬ್ರೂ ಮತ್ತ ಕೂಡಿದ್ರೇನು?" ಎಂದಳು.

ಉತ್ತರ ಹೇಳಲು ನನಗೆ ಪುರುಸೊತ್ತಿರಲಿಲ್ಲ. ಗುರುಬಾಯಿ ಓಣಿಯ ತಿರುವು ದಾಟುವುದರೊಳಗೆ ಒಂಬತ್ತು ವರ್ಷದ್ದು ಬೈದು ಮುಗಿಸಬೇಕಾಗಿತ್ತು.