ಕಾರ್ಮೆಲಜ್ಜಿಯ ಡ್ರಾಯರಿನಲ್ಲಿ ನನ್ನ ಪಾಸ್‌ಪೋರ್ಟು

ಅವರೆಬೇಳೆ ನೋಡಿ ಮೈಸೂರಿನವನೊಬ್ಬನಿಗೆ ಇಟಲಿ ನೆನಪಾಯಿತು ಎಂದರೆ ನೀವು ಏನೆನ್ನುತ್ತೀರಿ? ಕೊಬ್ಬು ಅನ್ನುತ್ತೀರಿ. ನನ್ನ ಹೆಂಡತಿಯೂ ಅದನ್ನೇ ಅಂದಳು.

ಹೋದ ಶುಕ್ರವಾರದ ಸಂಗತಿ. ಕತಾರಿನ ಅಲ್ ವುಕೈರ್‌ನಲ್ಲಿ ನಮ್ಮ ಮನೆ ಪಕ್ಕದ ಸೂಪರ್ ಮಾರ್ಕೆಟ್ಟಿಗೆ ಹಿಸುಕಿದ ಅವರೆಬೇಳೆ ಬಂದಿತ್ತು. ಫ್ರೋಜನ್. ಪ್ಯಾಕೆಟ್ಟಿನ ತುಂಬ ಮಂಜು ಕಟ್ಟಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

“ಏನ್ರೀ, ಊರಿನ ಮಾರ್ಕೆಟ್ ನೆನಪಾಯ್ತಾ?”

“ಇಲ್ಲ ಕಣೇ. ಇಟಲಿ.”

“ಕೊಬ್ಬು,” ಎಂದು ಟ್ರಾಲಿ ತಳ್ಳಿಕೊಂಡು ಮುಂದೆ ಹೋದಳು. (ಇಷ್ಟು ವರ್ಷ ಸಂಸಾರ ಮಾಡಿದವರು ಮಾತು ಪೋಲು ಮಾಡುವುದಿಲ್ಲ.)

ಪ್ಯಾಕೆಟ್ಟಿನ ಜೊತೆಗೆ ಕಥೆಯನ್ನೂ ಮನೆಗೆ ತಂದೆ. ಬೇಳೆ ಅವಳಿಗೆ, ಕಥೆ ನಿಮಗೆ.

ತೊಂಬತ್ತರ ದಶಕದ ನಡುವಿನ ಮಾತು. ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟ್ ಏಳುತ್ತಿದ್ದ ಕಾಲ. ನಾನು ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ಇಂಜಿನಿಯರ್. ದೋಹಾ ಪಕ್ಕದ ಮುಐದರ್‌ನ ಒಂದು ವಿಲ್ಲಾದಲ್ಲಿ ಎಂಟು ಜನ ಬ್ಯಾಚುಲರ್‌ಗಳು ಒಟ್ಟಿಗೆ ಇದ್ದೆವು. (ಎಂಟರಲ್ಲಿ ಏಳು ಜನಕ್ಕೆ ಮದುವೆಯಾಗಿತ್ತು. ಹೆಂಡತಿ ಊರಿನಲ್ಲಿದ್ದರೆ ಗಲ್ಫಿನಲ್ಲಿ ನೀವು ಬ್ಯಾಚುಲರ್.) ನಮ್ಮ ಪ್ಲಾಂಟಿಗೆ ಬೇಕಾದ ದೊಡ್ಡ ವಾಲ್ವುಗಳು ಉತ್ತರ ಇಟಲಿಯ ಒಂದು ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅವನ್ನು ಪರೀಕ್ಷಿಸಿ ಸಹಿ ಹಾಕಿ ಬರಲು ನನ್ನನ್ನು ಕಳಿಸಿದರು.

ಕಳಿಸಿದರು ಎಂದರೆ ಸುಮ್ಮನೆ ಅಲ್ಲ. ಆಗ ನಮ್ಮ ಪಾಸ್‌ಪೋರ್ಟು ನಮ್ಮ ಹತ್ತಿರ ಇರುತ್ತಿರಲಿಲ್ಲ, ಕಂಪನಿಯ ಕಬ್ಬಿಣದ ಕಪಾಟಿನಲ್ಲಿ ಇರುತ್ತಿತ್ತು. ದೇಶ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಎರಡನ್ನೂ ಕೈಗೆ ಕೊಡುತ್ತಿದ್ದವರು ನಮ್ಮ ಆಫೀಸಿನ ಮಂದೂಬ್, ಅಂದರೆ ಸರ್ಕಾರಿ ಕಾಗದಪತ್ರಗಳಿಗಾಗಿ ಓಡಾಡುವವರು. ಹೆಸರು ಹಮೀದ್, ಬಂಟ್ವಾಳದ ಕಡೆಯ ಬ್ಯಾರಿ. ಊರಿನವರೆಲ್ಲ ಹಮೀದಾಕ ಎನ್ನುತ್ತಿದ್ದರು, ಘಟ್ಟದ ಮೇಲಿನ ನಾನೂ ಹಾಗೇ ಕರೆಯುತ್ತಿದ್ದೆ.

ಹೊರಡುವ ದಿನ ಏರ್‌ಪೋರ್ಟಿನಲ್ಲಿ ಹಮೀದಾಕ ಪಾಸ್‌ಪೋರ್ಟು ಕೊಟ್ಟು ಹೇಳಿದರು: “ಜಾಗ್ರತೆ ಸಾರ್. ಹೇಳಿದ ದಿನಕ್ಕೆ ಬಂದುಬಿಡಿ ಮಾರಾಯ್ರೇ. ನಿಮ್ಮ ಮಿಸೆಸ್ ಬರುವ ದಿನ ನೀವು ಇಲ್ಲಿ ಇಲ್ಲದಿದ್ರೆ ಅವ್ರು ಎಂತ ಮಾಡುದು?”

ಅದೇ ದೊಡ್ಡ ಚಿಂತೆ. ಐದು ವರ್ಷ ಕಾದ ಮೇಲೆ ಫ್ಯಾಮಿಲಿ ವೀಸಾ ಸಿಕ್ಕಿತ್ತು. ನಾನು ವಾಪಸು ಬಂದ ಮಾರನೆಯ ದಿನವೇ ಹೆಂಡತಿ, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು, ಮುಂಬಯಿಯಿಂದ ಬರುವವಳಿದ್ದಳು. ಅವಳಿಗೆ ಅದೇ ಮೊದಲ ವಿಮಾನ. ಮೊಬೈಲ್ ಇಲ್ಲ, ಇಮೇಲ್ ಇಲ್ಲ. ಅವಳ ಹತ್ತಿರ ಇದ್ದ ಒಂದೇ ಧೈರ್ಯ, ಬಾಗಿಲಿನಾಚೆ ನಾನು ನಿಂತಿರುತ್ತೇನೆ ಎನ್ನುವುದು.

ಇಟಲಿಯಲ್ಲಿ ಕೆಲಸ ಮೂರು ದಿನ ಮೊದಲೇ ಮುಗಿಯಿತು. ಕಾರ್ಖಾನೆಯ ಫೋರ್‌ಮನ್ ಒಳ್ಳೆಯ ಮನುಷ್ಯ. “ಇಲ್ಲಿ ಹೋಟೆಲಿನಲ್ಲಿ ಕೂತು ಏನು ಮಾಡುತ್ತೀರಿ? ದಕ್ಷಿಣಕ್ಕೆ ನಮ್ಮೂರಿಗೆ ಹೋಗಿ. ಅಮ್ಮ ಎರಡು ರೂಮು ಬಾಡಿಗೆಗೆ ಕೊಡುತ್ತಾಳೆ, ಇಂಗ್ಲಿಷೂ ಬರುತ್ತದೆ,” ಎಂದ. ರೋಮಿನಿಂದ ಅರ್ಧ ದಿನ ರೈಲು, ಆಮೇಲೆ ಗುಡ್ಡ ಹತ್ತುವ ಬಸ್ಸು. ಹೋದೆ. (ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ರೂಮು ಇರುವುದು ಎರಡೇ.)

ಫೋರ್‌ಮನ್ನನ ಅಮ್ಮ ಕಾರ್ಮೆಲಾ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಕರಿಯ ಸ್ಕರ್ಟು, ಹೂವಿನ ಏಪ್ರನ್. ನಾನು ಮನಸ್ಸಿನಲ್ಲೇ ಕಾರ್ಮೆಲಜ್ಜಿ ಮಾಡಿಕೊಂಡೆ. ವಯಸ್ಸಿನಲ್ಲಿದ್ದಾಗ ಗಂಡ ಇಂಗ್ಲೆಂಡಿನ ಇಟ್ಟಿಗೆ ಕಾರ್ಖಾನೆಗೆ ಕೂಲಿಗೆ ಹೋಗಿದ್ದನಂತೆ. ನಾಲ್ಕು ವರ್ಷದ ಮೇಲೆ ಇವರನ್ನೂ ಕರೆಸಿಕೊಂಡಿದ್ದ. ಅಜ್ಜಿಯ ಇಂಗ್ಲಿಷೂ ಇಟ್ಟಿಗೆ ಜೋಡಿಸಿದ ಹಾಗೆ, ಒಂದೊಂದೇ ಪದ.

“ನೀನು. ಪಾಸ್‌ಪೋರ್ಟು. ಪೊಲೀಸರಿಗೆ ಫಾರಂ ಬರೆಯಬೇಕು,” ಎಂದು ಕೈ ಚಾಚಿದರು. ಕೊಟ್ಟೆ. ಅಡುಗೆಮನೆಯ ಡ್ರಾಯರಿಗೆ ಹಾಕಿದರು. ಖಲಾಸ್, ನಾನು ಅದನ್ನು ಮರೆತೆ.

ಆ ಮೂರು ದಿನ ಇವತ್ತಿಗೂ ಹಾಗೇ ನೆನಪಿವೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಒಂದು ಚರ್ಚು, ಒಂದು ಬೇಕರಿ, ಒಂದು ಕಾಫಿ ಅಂಗಡಿ, ಇಳಿಜಾರಿನ ಕಲ್ಲುಬೀದಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಬಾಗಿಲು ಮುಚ್ಚಿ ಊರಿಗೆ ಊರೇ ಮಲಗುತ್ತಿತ್ತು. ಬೇರೆ ಪ್ರವಾಸಿಗಳಿಗೆ ಇದು ಆಶ್ಚರ್ಯ. ನನಗೇನು ಆಶ್ಚರ್ಯ? ಆಗಿನ ದೋಹಾದಲ್ಲೂ ಮಧ್ಯಾಹ್ನ ಒಂದು ಸೂಜಿ ಬೇಕೆಂದರೂ ನಾಲ್ಕು ಗಂಟೆಯವರೆಗೆ ಕಾಯಬೇಕಿತ್ತು.

ಬಿಸಿಲು ಇಳಿದ ಮೇಲೆ ಒಂದೊಂದೇ ಮನೆಯಿಂದ ಕುರ್ಚಿ ಹೊರಗೆ ಬರುತ್ತಿತ್ತು. ಬೀದಿಯಲ್ಲೇ ಸಾಲಾಗಿ ಕೂರುತ್ತಿದ್ದರು. ಹೋಗುವವರ, ಬರುವವರ ವಿಚಾರಣೆ. ಯಾರ ಮಗಳಿಗೆ ಎಲ್ಲಿ ಗಂಡು, ಯಾರ ಮೊಣಕಾಲು ನೋವು ಹೇಗಿದೆ. ಭಾಷೆ ಬರದಿದ್ದರೂ ವಿಷಯ ಇವೇ ಎಂದು ನನಗೆ ಖಾತ್ರಿಯಿತ್ತು. ಕೈ, ಹುಬ್ಬು, ತುಟಿ ಎಲ್ಲವೂ ನಮ್ಮ ಬೀದಿಯವೇ.

ಮೊದಲ ಸಂಜೆ ನನಗೂ ಒಂದು ಕುರ್ಚಿ ಹಾಕಿದರು. ಹೆಂಗಸರ ಮಡಿಲಲ್ಲಿ ಉದ್ದುದ್ದ ಹಸಿರು ಕಾಯಿ. ಅವರೆಯ ದೊಡ್ಡಣ್ಣನ ಹಾಗೆ. ಸುಲಿಯುತ್ತಿದ್ದರು. ನನ್ನ ಕೈ ಸುಮ್ಮನಿರುತ್ತದೆಯೇ? ನಾನೂ ಒಂದು ಹಿಡಿ ಎಳೆದುಕೊಂಡೆ. ಬಟ್ಟಲಿನಲ್ಲಿ ನೆನೆಹಾಕಿದ ಕಾಳು ಬೇರೆ ಇತ್ತು, ಅವರು ಅದರ ಸಿಪ್ಪೆಯನ್ನು ಉಗುರಿನಿಂದ ನಿಧಾನ ಬಿಡಿಸುತ್ತಿದ್ದರು. ನಾನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಸುಕಿದೆ. ಪುಳಕ್ಕನೆ ಬೇಳೆ ಹೊರಬಂತು. ಇನ್ನೊಂದು. ಮತ್ತೊಂದು. ಬೀದಿ ಸ್ತಬ್ಧವಾಯಿತು.

“ಯಾರು ಕಲಿಸಿದ್ದು?” ಅಜ್ಜಿ ಕೇಳಿದರು.

“ನಮ್ಮಮ್ಮ. ಚಳಿಗಾಲ ಪೂರ್ತಿ ಇದೇ ಕೆಲಸ.”

ಮಾರನೆಯ ಸಂಜೆ ಪಕ್ಕದ ಬೀದಿಯಿಂದಲೂ ಬಟ್ಟಲುಗಳು ಬಂದವು. ಇಂಜಿನಿಯರಿಂಗ್ ಡಿಗ್ರಿಗೆ ಯಾವತ್ತೂ ಸಿಗದ ಮರ್ಯಾದೆ ನನ್ನ ಎರಡು ಬೆರಳಿಗೆ ಸಿಕ್ಕಿತು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅಜ್ಜಿ ಹೊಟ್ಟೆ ಕೆಟ್ಟಿದೆಯಾ ಎಂದು ವಿಚಾರಿಸಿದ್ದರು. ಈಗ ಅದೇ ಬೇಳೆಯನ್ನು ಬೇಯಿಸಿ, ಮಸೆದು, ಮೇಲೆ ಎಣ್ಣೆ ಸುರಿದು ಇಟ್ಟರು. ಒಗ್ಗರಣೆ ಒಂದಿಲ್ಲ, ಉಳಿದದ್ದೆಲ್ಲ ಇತ್ತು. ಐದು ವರ್ಷ ಎಂಟು ಗಂಡಸರ ಅಡುಗೆ ತಿಂದವನು ನಾನು. ತಟ್ಟೆ ಮುಂದೆ ಕೂತು ಕಣ್ಣು ಒರೆಸಿಕೊಂಡೆ, ಅದರಲ್ಲಿ ನಾಚಿಕೆ ಏನಿಲ್ಲ.

ಹೊರಡುವ ಬೆಳಗ್ಗೆ ಅಜ್ಜಿ ಬ್ರೆಡ್ಡು, ಚೀಸು ಕಟ್ಟಿಕೊಟ್ಟು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಬಸ್ಸಿನಲ್ಲಿ ಇಳಿದು ಸ್ಟೇಷನ್ನಿಗೆ ಬಂದೆ. ರೋಮಿಗೆ ಆ ಹೊತ್ತಿಗೆ ಒಂದೇ ರೈಲು. ಸಂಜೆ ದೋಹಾದ ವಿಮಾನ. ಬೆಂಚಿನ ಮೇಲೆ ಕೂತು ಜೇಬು ತಡವಿಕೊಂಡೆ. ಟಿಕೆಟ್ಟಿದೆ. ಪರ್ಸಿದೆ. ಪರ್ಸಿನಲ್ಲಿ ಬತಾಕ ಇದೆ. ಬತಾಕ ಅಂದರೆ ಕತಾರ್ ಗುರುತಿನ ಚೀಟಿ. ಎಲ್ಲ ಸರಿಯಿದೆ ಎಂದು ಕಾಲು ಚಾಚಿ ಕೂತೆ.

ನೋಡಿ, ಜನ ಹೋಟೆಲಿನಲ್ಲಿ ಟೂತ್‌ಬ್ರಷ್ ಮರೆಯುತ್ತಾರೆ, ಟವೆಲ್ ಮರೆಯುತ್ತಾರೆ. ಪಾಸ್‌ಪೋರ್ಟು ಮರೆಯುವವನು ಯಾವ ಜಾತಿಯವನು? ಗಲ್ಫಿನ ನೌಕರ. ಬತಾಕ ಜೇಬಿನಲ್ಲಿದ್ದರೆ ನಮಗೆ ನಾವು ಪೂರ್ತಿ. ಪಾಸ್‌ಪೋರ್ಟು ಯಾವತ್ತೂ ಇನ್ನೊಬ್ಬರ ಹತ್ತಿರ ಇರತಕ್ಕ ವಸ್ತು. ಬೇಕಾದಾಗ ಅವರೇ ಕೊಡುತ್ತಾರೆ.

ರೈಲಿಗೆ ಹತ್ತು ನಿಮಿಷ ಇದೆ ಎನ್ನುವಾಗ ಹಾರನ್ ಹೊಡೆಯುತ್ತ ಬೇಕರಿಯ ವ್ಯಾನು ಬಂತು. ಮುಂದಿನ ಸೀಟಿನಿಂದ ಕಾರ್ಮೆಲಜ್ಜಿ ಇಳಿದರು. ಕಾಲಿನಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ನನ್ನ ನೀಲಿ ಪಾಸ್‌ಪೋರ್ಟು. ಚಾಕು ಹುಡುಕಲು ಡ್ರಾಯರ್ ಎಳೆದಾಗ ಕಂಡಿತಂತೆ.

ದೋಹಾ ಏರ್‌ಪೋರ್ಟಿನಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತಿತ್ತ ನೋಡುತ್ತಿರುವ ಹೆಂಡತಿ ಕಣ್ಣ ಮುಂದೆ ನಿಂತಳು.

ಅಜ್ಜಿ ಪಾಸ್‌ಪೋರ್ಟು ಕೊಡಲಿಲ್ಲ. ಎದೆಗೆ ಒತ್ತಿಕೊಂಡು ಕೇಳಿದರು:

“ಮೂರು ದಿನ. ಡ್ರಾಯರಿನಲ್ಲಿ. ನಾನು ಮುದುಕಿ, ಮರೆತೆ. ನೀನು ಯಾಕೆ ಕೇಳಲಿಲ್ಲ?”

“ಅಭ್ಯಾಸ ಇಲ್ಲ ಅಜ್ಜಿ. ದೋಹಾದಲ್ಲಿ ಇದು ಆಫೀಸಿನಲ್ಲಿ ಇರುತ್ತದೆ.”

“ಯಾರ ಪಾಸ್‌ಪೋರ್ಟು?”

“ನನ್ನದೇ.”

“ನಿನ್ನದು ಅವರ ಹತ್ತಿರ ಯಾಕೆ?”

“ಅಲ್ಲಿ ಸೇಫ್ ಆಗಿರುತ್ತದೆ,” ಎಂದೆ. ಐದು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದ ಮಾತು. ಆ ಸ್ಟೇಷನ್ನಿನಲ್ಲಿ ಗಟ್ಟಿಯಾಗಿ ಹೇಳಿದಾಗ ಎಷ್ಟು ಪೆದ್ದಾಗಿ ಕೇಳಿಸಿತು.

“ನನ್ನ ಗಂಡ,” ಎಂದರು ಅಜ್ಜಿ, “ಇಂಗ್ಲೆಂಡು. ಹಾಸ್ಟೆಲ್ಲು. ನಾಲ್ಕು ವರ್ಷ. ಓದು ಬರದು. ಪಾಸ್‌ಪೋರ್ಟು ದಿಂಬಿನ ಕೆಳಗೆ. ಸ್ನಾನಕ್ಕೆ ಹೋದರೂ ಜೊತೆಗೆ. ನೀನು ಓದಿದವನು.”

ಅಜ್ಜಿ ನನ್ನ ಕೋಟಿನ ಒಳಜೇಬಿಗೆ ಪಾಸ್‌ಪೋರ್ಟು ತುರುಕಿ, ತಮ್ಮ ಏಪ್ರನ್ನಿನ ಸೇಫ್ಟಿ ಪಿನ್ನು ತೆಗೆದು, ಜೇಬಿನ ಬಾಯಿಗೆ ಚುಚ್ಚಿದರು. ಸ್ಕೂಲಿಗೆ ಹೊರಟ ಮಗುವಿಗೆ ಕರ್ಚೀಫು ಸಿಕ್ಕಿಸುವ ಹಾಗೆ. ಆಮೇಲೆ ರೈಲು ಬಂತು. ಅವರನ್ನು ಮತ್ತೆ ನೋಡಲಿಲ್ಲ. ಎರಡು ವರ್ಷ ನನ್ನ ಕ್ರಿಸ್‌ಮಸ್ ಕಾರ್ಡಿಗೆ ಅವರೇ ಉತ್ತರ ಬರೆದರು, ಮೂರನೆಯ ವರ್ಷ ಉತ್ತರ ಮಗನಿಂದ ಬಂತು.

ದೋಹಾದಲ್ಲಿ ಇಳಿದಾಗ ಹಮೀದಾಕ ನಗುತ್ತ ಕಾದಿದ್ದರು. “ಎಂತ ಸಾರ್, ಟ್ರಿಪ್ ಒಳ್ಳೇದಾಯ್ತಾ? ಯಲ್ಲಾ, ಹೊರಡುವ, ಪಾಸ್‌ಪೋರ್ಟ್ ಕೊಡಿ.”

ಪಿನ್ನು ಬಿಚ್ಚಲು ಬರಲಿಲ್ಲ. ಗುದ್ದಾಡುತ್ತಲೇ ಕೇಳಿದೆ: “ಹಮೀದಾಕ, ನಿಮ್ಮ ಪಾಸ್‌ಪೋರ್ಟ್ ಎಲ್ಲಿರುತ್ತೆ?”

“ನಂದಾ? ಅದೇ ಕಪಾಟಿನಲ್ಲಿ ಸಾರ್.”

“ಕಪಾಟಿನ ಕೀ ನಿಮ್ಮ ಹತ್ತಿರವೇ ಇದೆಯಲ್ಲ?”

“ಹೌದು. ಆದ್ರೆ ನಂದು ನಾನೇ ಹೇಗೆ ತೆಗೆಯುದು? ರಜೆಗೆ ಹೋಗುವಾಗ ಮ್ಯಾನೇಜರ್ ಚೀಟಿ ಕೊಡ್ತಾರೆ. ಆಗ ತೆಗೆಯುದು.” ಆಮೇಲೆ, “ಹದಿನಾರು ವರ್ಷ ಆಯ್ತು ಸಾರ್. ಹೀಗೆ ಯಾರೂ ಕೇಳಿಲ್ಲ,” ಎಂದರು.

ಅಂಥ ಸಜ್ಜನನನ್ನು ನಾನು ಆಮೇಲೂ ಕಂಡಿಲ್ಲ. ಆ ಕೀ ಎಷ್ಟೋ ಜನರ ಕಾಗದ ಕಾದಿದೆ, ಒಂದೂ ಕಳೆದಿಲ್ಲ. ಕೊನೆಗೆ ಅವರೇ ಪಿನ್ನು ಬಿಚ್ಚಿಕೊಟ್ಟರು. ನಾನು ಪಾಸ್‌ಪೋರ್ಟು ಕೊಟ್ಟೆ. ಕೊಡದೆ ಏನು ಮಾಡುತ್ತಿದ್ದೆ?

ಈಗ ಕಾಲ ಬದಲಾಗಿದೆ. ಅವರವರ ಪಾಸ್‌ಪೋರ್ಟು ಅವರವರ ಮನೆಯಲ್ಲಿದೆ. ಹೊಸದಾಗಿ ಬಂದ ಹುಡುಗರಿಗೆ ಇದೆಲ್ಲ ಹೇಳಿದರೆ ಅಜ್ಜಿಯ ಹಾಗೇ ನೋಡುತ್ತಾರೆ.

ಇರಲಿ, ಮಾರನೆಯ ದಿನದ್ದನ್ನೂ ಹೇಳಿಬಿಡುತ್ತೇನೆ. ಮಧ್ಯಾಹ್ನ ಹೆಂಡತಿ ಏರ್‌ಪೋರ್ಟಿನ ಬಾಗಿಲು ದಾಟಿ ಬಂದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಪಾಸ್‌ಪೋರ್ಟು. (ಆಗ ಮಕ್ಕಳ ಹೆಸರೂ ತಾಯಿಯ ಪಾಸ್‌ಪೋರ್ಟಿನಲ್ಲೇ ಇರುತ್ತಿತ್ತು.) ಎರಡು ವರ್ಷದ ಮೇಲೆ ನೋಡುತ್ತಿದ್ದೇನೆ. ಪ್ರಯಾಣ ಹೇಗಾಯಿತು ಅಂದೆನೇ? ಮಗಳನ್ನು ಎತ್ತಿಕೊಂಡೆನೇ? ಇಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, “ಪಾಸ್‌ಪೋರ್ಟ್ ಕೊಡು ಇಲ್ಲಿ.” ಕೈ ಆಗಲೇ ಚಾಚಿದ್ದೆ.

“ಯಾಕೆ? ನನ್ನ ಹತ್ರಾನೇ ಇರ್ಲಿ ಬಿಡಿ,” ಎಂದು ಅವಳು ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಗಲ್ಫಿಗೆ ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲವಲ್ಲ, ಪಾಪ.