ಗಾದಿ ಬಿಟ್ಟು ಏಳಲಿಲ್ಲ

ಅವ್ವ ನನ್ನ ಕಾಲು ಮುಟ್ಟಿದ ದಿನ, ಅವಳೇ ನನ್ನ ಹೆತ್ತವಳೆಂದು ನನಗೆ ಗೊತ್ತಿತ್ತು ಬಸು. ಗೊತ್ತಿದ್ದೂ ಕೂತೇ ಇದ್ದೆ. ನೀನು ನನ್ನ ಒಡಹುಟ್ಟಿದ ತಮ್ಮ. ಆದರೂ ಗೊತ್ತಿದ್ದೂ ಕೂತಿದ್ದೆನೆಂಬ ಮಾತನ್ನು ನಿನ್ನೆದುರು ನಿಂತು ಹೇಳುವ ಧೈರ್ಯ ಬರಲಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ದೇಸಾಯರ ವಾಡೆಗೆ ದತ್ತು ಕೊಟ್ಟಾಗ ನೀನಿನ್ನೂ ಹುಟ್ಟಿರಲಿಲ್ಲ. ಬನವಾಸಿ ಕಡೆಯ ಆ ಹಳೆಯ ಮನೆತನಕ್ಕೆ ವಾರಸುದಾರ ಬೇಕಾಗಿದ್ದ. ನಮ್ಮ ಅಪ್ಪ ಅವರ ದೂರದ ಬಳಗದವ, ಅವರದೇ ಹೊಲದಲ್ಲಿ ದುಡಿಯುತ್ತಿದ್ದ. ಸಣ್ಣ ಹುಡುಗ, ನಾಲ್ಕು ದಿನ ಅತ್ತು ಮರೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ನಾನು ಮರೆಯಲಿಲ್ಲ. ಅವ್ವನ ಮುಂಗೈ ಮೇಲೆ ಹಚ್ಚೆಯ ಚೇಳೊಂದು ಇತ್ತಲ್ಲ — ನಾನು ಅದರ ಮೇಲೆ ಬೆರಳಿಟ್ಟರೆ ‘ಕಡೀತು, ಕಡೀತು’ ಎಂದು ನನ್ನನ್ನು ಎಳೆದುಕೊಂಡು ಮುದ್ದಿಡುತ್ತಿದ್ದಳು. ವಾಡೆಯಲ್ಲಿ ಒಬ್ಬನೇ ಮಲಗುವಾಗ ನನ್ನ ಮುಂಗೈ ಮೇಲೇ ಬೆರಳಿಟ್ಟುಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನನ್ನನ್ನು ಸಾಕಿದ ಅಮ್ಮನಿಗಂತೂ — ನಾನೆಲ್ಲಿ ತಿರುಗಿ ಹೋಗುತ್ತೇನೋ ಎಂಬ ದಿಗಿಲು ಅವರಿಗೆ. ಅವ್ವ ವಾಡೆಯ ಕಡೆ ಬರಬಾರದೆಂದು ಕಟ್ಟಪ್ಪಣೆ ಮಾಡಿದ್ದೂ ಅವರೇ.

ದಸರೆಯಲ್ಲಿ ಬನ್ನಿ ಕೊಡುವ ದಿನ ನಮ್ಮ ವಾಡೆಯ ರೀತಿ ನಿನಗೆ ಗೊತ್ತು. ದೇಸಗತಿಯ ಅಧಿಕಾರ ಹೋಗಿ ಎಷ್ಟೋ ಕಾಲವಾದರೂ ಅವತ್ತೊಂದು ದಿನ ವಾರಸುದಾರ ರುಮಾಲು ಸುತ್ತಿಕೊಂಡು ಗಾದಿ ಮೇಲೆ ಕೂರಬೇಕು. ಊರವರು ಬನ್ನಿ ಎಲೆ ಕೊಟ್ಟು ಅವನ ಕಾಲು ಮುಟ್ಟುತ್ತಾರೆ, ವಯಸ್ಸು ನೋಡುವಂತಿಲ್ಲ. ತಂದೆ, ತಾಯಿ, ಗುರು ಬಂದರೆ ಮಾತ್ರ ಅವನು ಗಾದಿ ಬಿಟ್ಟು ಏಳಬೇಕು. ನಾನು ಮೊದಲ ಸಲ ಅಲ್ಲಿ ಕೂತ ವರ್ಷ, ಅಮ್ಮನ ಕಟ್ಟಪ್ಪಣೆ ಮೀರಿ ನಿಮ್ಮೂರಿನಿಂದ ಅವ್ವ ಸಾಲಿನಲ್ಲಿ ಬಂದಳು. ಎಲೆ ಚಾಚಿದ ಕೈ ಮೇಲೆ ಚೇಳು ಕಂಡಿತು.

“ಬನ್ನಿ ತಗೋರ್ರಿ ಧಣಿ, ಬಂಗಾರದಂಗ ಇರ್ರಿ” ಎಂದಳು. ಹೆತ್ತ ಮಗನಿಗೆ ಬಹುವಚನ! ಬಗ್ಗಿದಳು. ನಾನು ಎದ್ದಿದ್ದರೆ ಸಾಕಿತ್ತು, ಇವಳು ನನ್ನ ತಾಯಿ ಎಂದು ಊರಿಗೆಲ್ಲ ಹೇಳಿದಂತಾಗುತ್ತಿತ್ತು. ಆದರೆ ಪಕ್ಕದಲ್ಲೇ ಕೂತಿದ್ದ ಅಮ್ಮ, ಅವಳು ಯಾರೆಂದು ಗೊತ್ತಿದ್ದೂ ನನ್ನನ್ನು ಪರೀಕ್ಷಿಸುವಂತೆ ಮೆಲ್ಲಗೆ ಕೇಳಿದರು, “ಯಾರಪಾ ಆಕಿ? ಗುರ್ತ ಐತೇನು?”

“ಇಲ್ಲಮ್ಮಾ, ಯಾರೋ ಏನೋ” ಎಂದೆ.

ಅವ್ವ ಇನ್ನೂ ತಲೆ ಎತ್ತಿರಲಿಲ್ಲ. ಕೇಳಿಸಿತೋ ಇಲ್ಲವೋ — ಇಲ್ಲ ಎಂದೇ ನಂಬಿಕೊಂಡೆ. ಮಗನಿಗೆ ಗುರುತು ಸಿಗಲಿಲ್ಲ, ಚೆನ್ನಾಗಿದ್ದಾನಲ್ಲ ಸಾಕು ಎಂದುಕೊಂಡು ಹೋಗಿರುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಅವಳು ಮತ್ತೆ ಬರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಆಗಲೂ ನಾನು ಹೋಗಲಿಲ್ಲ. ಶಿರಸಿಗೆ ಹೋಗುವಾಗ ನಿಮ್ಮೂರಿನ ತಿರುವಿನಲ್ಲಿ ಕಾರಿನ ವೇಗ ಹೆಚ್ಚಿಸುತ್ತಿದ್ದೆ. ನಾಚಿಕೆಗೇಡು — ಇದಕ್ಕೆ ಬೇರೆ ಹೆಸರಿಲ್ಲ.

ಹೋದ ತಿಂಗಳು ಅವ್ವ ತೀರಿಕೊಂಡಳೆಂದು ನೀನು ಫೋನ್ ಮಾಡಿದೆ. ನಾನು ಬರುವಷ್ಟರಲ್ಲಿ ಅವಳನ್ನು ಸಮಾಧಿಯ ಕುಣಿಯಲ್ಲಿ ಕೂರಿಸಿ ವಿಭೂತಿ, ಪತ್ರಿ ಇಟ್ಟಾಗಿತ್ತು. ವಾಡೆಯ ಬಳಗದೊಂದಿಗೆ ಹಿಂದೆ ನಿಂತಿದ್ದ ನನ್ನನ್ನು ನೀನೇ ಕೈ ಹಿಡಿದು ಕರೆದೊಯ್ದು ಮಣ್ಣು ಹಾಕಿಸಿದೆ. ಆಮೇಲೆ ಕೈ ತೊಳೆಯುತ್ತಾ ಕೇಳಿದೆ:

“ಅಣ್ಣಾ, ಅವ್ವ ಯಾವಾಗ್ಲೂ ಅಂತಿದ್ಲು — ನನ್ನ ಕಂದ ನನ್ನ ಗುರ್ತ ಹಿಡದಾನ, ನಾ ಮುಟ್ಟಿದಾಗ ಅವನ ಕಾಲು ನಡಗತಿದ್ವು. ನಾ ಹೋಗಿ ಅವನ್ನ ಪೇಚಿಗೆ ಹಾಕಿದೆ, ಇನ್ನ ಹೋಗಬಾರದು ಅಂತ. ನೀ ಖರೇನ ಆಕಿ ಗುರ್ತ ಹಿಡದಿದ್ದೇನು?”

ಅವಳು ಮತ್ತೆ ಬಾರದೆ ಇದ್ದದ್ದು ಅದಕ್ಕೆ. ನನ್ನ ಸುಳ್ಳು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ತನ್ನದೆಂದೇ ತಿಳಿದು ಸತ್ತಳು. ನೀನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ ಬಸು. ಹೌದು ಎಂಬ ಒಂದು ಮಾತು ಸಾಕಿತ್ತು. ವಾಡೆಯವರು ಹತ್ತಿರದಲ್ಲೇ ಇದ್ದರು — ಇದ್ದರೆ ಏನಾಯಿತು?

“ಇಲ್ಲೋ ತಮ್ಮಾ” ಎಂದೆ. “ನನಗ ಗುರ್ತ ಸಿಗಲಿಲ್ಲ.”

ನೀನು ನಂಬಿಬಿಟ್ಟೆ. “ಹೋಗ್ಲಿ ಬಿಡಣ್ಣಾ, ಮುದುಕಿಗೆ ಏನೋ ಭ್ರಮೆ” ಎಂದು ನನ್ನ ಬೆನ್ನು ಸವರಿ ನನಗೇ ಸಮಾಧಾನ ಹೇಳಿದೆ.

ಅದು ಭ್ರಮೆಯಲ್ಲ ಬಸು. ಅವ್ವ ಹೇಳಿದ್ದೇ ನಿಜ.